ಖರೇ ರೂಪಾಯಿ, ಖೋಟಾ ರೂಪಾಯಿ: ಹಾಲಿ ಸಿಕ್ಕಾದ ಸಾಕ್ಷ್ಯ

ರಾಯಚೂರು ಸೀಮೆಯ ಆಡುಮಾತಿನಲ್ಲಿ ನಿಜಕ್ಕೆ ‘ಖರೇ’ ಎನ್ನುತ್ತೇವೆ, ಮೋಸದ ವಸ್ತುವಿಗೆ ‘ಖೋಟಾ’ ಎನ್ನುತ್ತೇವೆ. ಉರ್ದು, ಮರಾಠಿಗಳೊಂದಿಗೆ ನಾವು ಹಂಚಿಕೊಂಡಿರುವ ಈ ಎರಡು ಮಾತುಗಳು ಒಂದು ಕಾಲಕ್ಕೆ ಸರಾಫರ ಕಟ್ಟೆಯ ಮೇಲೆ ದಿನವೂ ಕೇಳಿಬರುತ್ತಿದ್ದವು. ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ನಾದ ಕೇಳಿ, ಒರೆಗೆ ಹಚ್ಚಿ, ತಕ್ಕಡಿಗೆ ಹಾಕಿ ಕೊನೆಗೆ ಸರಾಫ ಹೇಳುತ್ತಿದ್ದುದು ಇವೆರಡರಲ್ಲಿ ಒಂದನ್ನು. ಮನುಷ್ಯನ ಮಾತನ್ನು ಅಳೆಯಲೂ ನಾಣ್ಯವನ್ನು ಅಳೆಯಲೂ ಒಂದೇ ಪದ ಸಾಕೆಂದು ನಮ್ಮ ಹಿರಿಯರಿಗೆ ಅನ್ನಿಸಿದ್ದರಲ್ಲಿ ಅರ್ಥವಿದೆ. ನಾಣ್ಯವೂ ಒಂದು ಮಾತು ಕೊಡುತ್ತದೆ: ನನ್ನಲ್ಲಿ ಇಷ್ಟು ತೂಕವಿದೆ, ಇಷ್ಟು ಬೆಳ್ಳಿಯಿದೆ, ಇಂಥ ಟಂಕಸಾಲೆಯಲ್ಲಿ ಇಂಥ ವರ್ಷ ನಾನು ಹುಟ್ಟಿದೆ ಎಂದು. ಆ ಮಾತು ಖರೇ ಹೌದೋ ಅಲ್ಲವೋ ಎಂದು ನೋಡುವುದೇ ನಾಣ್ಯಪರೀಕ್ಷೆ.

‘ಹಾಲಿ’ ಎಂಬ ಪದವನ್ನೂ ನೋಡಿ. ಪತ್ರಿಕೆಗಳು ‘ಹಾಲಿ ಶಾಸಕ’, ‘ಮಾಜಿ ಶಾಸಕ’ ಎಂದು ಬರೆಯುವಾಗಿನ ಹಾಲಿಯೇ ಹೈದರಾಬಾದ್ ನಿಜಾಮರ ರೂಪಾಯಿಯ ಹೆಸರಿನಲ್ಲೂ ಇತ್ತು. ಹಾಲಿ ಸಿಕ್ಕಾ ಎಂದರೆ ಸದ್ಯ ಚಲಾವಣೆಯಲ್ಲಿರುವ ನಾಣ್ಯ. 1959ರ ಹೊತ್ತಿಗೆ ಅದರ ಚಲಾವಣೆ ನಿಂತು ಹಾಲಿಯೇ ಮಾಜಿಯಾಯಿತು. ಆದರೂ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹಳೆಯ ಮನೆಗಳ ಟ್ರಂಕುಗಳಲ್ಲಿ, ಹಣದ ಚೀಲಗಳಲ್ಲಿ, ತಾಂಡಾಗಳ ಅಜ್ಜಿಯರ ಕೊರಳ ಸರದಲ್ಲಿ ಚಾರ್‌ಮಿನಾರ್ ಚಿತ್ರದ ಆ ಬೆಳ್ಳಿ ರೂಪಾಯಿ ಇನ್ನೂ ಉಳಿದಿದೆ.

ಅದು ಮನೆಯಿಂದ ಹೊರಬೀಳುವುದು ಕಷ್ಟದ ದಿನಗಳಲ್ಲಿ. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಬೆಳೆ ಕೈಕೊಟ್ಟ ವರ್ಷ. ಆಗ ಎರಡು ಬಗೆಯ ನಷ್ಟವನ್ನು ನಾವು ಕಾಣುತ್ತಿದ್ದೇವೆ. ಖರೇ ರೂಪಾಯಿಯನ್ನು ಕಲಬೆರಕೆ ಬೆಳ್ಳಿಯೆಂದು ಅಗ್ಗಕ್ಕೆ ಕೊಂಡು ಮೂಸೆಗೆ ಹಾಕುತ್ತಾರೆ. ಖೋಟಾ ಬಿಲ್ಲೆಯನ್ನು ಲಕ್ಷಾಂತರ ಬೆಲೆ ಬಾಳುವ ಅಪೂರ್ವ ನಾಣ್ಯವೆಂದು ನಂಬಿಸಿ ಮಾರುತ್ತಾರೆ. ಮೊದಲನೆಯದರಲ್ಲಿ ಬಡವರು ತಮ್ಮಲ್ಲಿರುವುದನ್ನು ಕಳೆದುಕೊಳ್ಳುತ್ತಾರೆ, ಎರಡನೆಯದರಲ್ಲಿ ಇಲ್ಲದ್ದನ್ನು ಸಾಲ ಮಾಡಿ ಕಳೆದುಕೊಳ್ಳುತ್ತಾರೆ. ಎರಡಕ್ಕೂ ಇರುವ ಮುಖ್ಯ ಕಾರಣ ಒಂದೇ: ಆ ನಾಣ್ಯದ ಮೇಲಿನ ಬರಹವನ್ನು ಓದಬಲ್ಲವರು ನಮ್ಮ ನಡುವೆ ಕಡಿಮೆಯಾಗುತ್ತಿದ್ದಾರೆ.

ಎರಡು ನದಿಗಳ ನಡುವೆ ಹಲವು ನಾಣ್ಯ

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ನಮ್ಮ ದೋಆಬ್ ಪ್ರದೇಶಕ್ಕಾಗಿ ಅರಸರು ಶತಮಾನಗಳ ಕಾಲ ಬಡಿದಾಡಿದರು. ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆ ಬಹಮನಿ, ವಿಜಯನಗರ, ಆದಿಲ್‌ಶಾಹಿಗಳ ನಡುವೆ ಕೈ ಬದಲಾಯಿಸುತ್ತಲೇ ಇತ್ತು. ಅರಸರು ಬದಲಾದಂತೆ ನಾಣ್ಯವೂ ಬದಲಾಯಿತು. ಅದೇ ತಾಲೂಕಿನ ಹಟ್ಟಿಯಲ್ಲಿ ಪ್ರಾಚೀನ ಕಾಲದಿಂದಲೂ ಚಿನ್ನ ತೆಗೆದಿದ್ದಾರೆ. ಆದರೆ ನಾಣ್ಯಕ್ಕೆ ಬೇಕಾದ ಬೆಳ್ಳಿ ಬಹುತೇಕ ಹೊರಗಿನಿಂದ, ಸಮುದ್ರ ದಾಟಿ ಬಂದದ್ದು. ವಿಜಯನಗರದ ಹಣಕಾಸು ಮುಖ್ಯವಾಗಿ ಚಿನ್ನದ ವರಹ ಮತ್ತು ಹಣಗಳ ಮೇಲೆ ನಿಂತಿತ್ತು. 1443ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ರಝಾಕ್ ‘ತಾರ್’ ಎಂಬ ಸಣ್ಣ ಬೆಳ್ಳಿ ನಾಣ್ಯವನ್ನೂ ಗಮನಿಸಿದ್ದಾನೆ. ಬಹಮನಿಗಳು ಕಲಬುರಗಿಯಲ್ಲಿ, ಅಂದರೆ ಅಂದಿನ ಅಹ್ಸನಾಬಾದಿನಲ್ಲಿ, ಆಮೇಲೆ ಬೀದರದಲ್ಲಿ ಬೆಳ್ಳಿಯ ಟಂಕಗಳನ್ನು ಮುದ್ರಿಸಿದರು. ಆದಿಲ್‌ಶಾಹಿಗಳು ಬೆಳ್ಳಿಯ ತಂತಿಯನ್ನು ಮಡಿಸಿ ಅದರ ಮೇಲೆ ಅಚ್ಚೊತ್ತಿದ ‘ಲಾರಿ’ಯನ್ನು ಹೊರಡಿಸಿದರು. ಇರಾನಿನ ಲಾರ್ ಪಟ್ಟಣದ ಹೆಸರು ಹೊತ್ತ ಈ ನಾಣ್ಯ ಪರ್ಷಿಯಾ ಕೊಲ್ಲಿಯ ವ್ಯಾಪಾರದೊಂದಿಗೆ ನಮ್ಮ ಕಡೆಗೆ ಬಂದದ್ದು. 1686ರಲ್ಲಿ ಬಿಜಾಪುರ ಮೊಘಲರ ಕೈಸೇರಿದ ಮೇಲೆ ಅವರ ರೂಪಾಯಿ ಇಲ್ಲಿ ನೆಲೆಯೂರಿತು.

ಇಷ್ಟು ಬಗೆಯ ನಾಣ್ಯಗಳಿದ್ದಲ್ಲಿ ಪರೀಕ್ಷಕರೂ ಇರಲೇಬೇಕು. ಹಳೆಯ ಕನ್ನಡ ಅವರನ್ನು ‘ಚಿನಿವಾರ’ ಎಂದು ಕರೆಯಿತು. ಆಮೇಲಿನ ಕಾಲ ‘ಸರಾಫ’ ಎಂದಿತು. ದಿಲ್ಲಿಯ ಸುಲ್ತಾನರ ಟಂಕಸಾಲೆಯಲ್ಲಿ ಕೆಲಸ ಮಾಡಿದ ಠಕ್ಕುರ ಫೇರು ಎಂಬ ಜೈನ ವಿದ್ವಾಂಸ 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನೇ ಬರೆದ. ತನ್ನ ಕಾಲದಲ್ಲಿ ಓಡಾಡುತ್ತಿದ್ದ ನಾಣ್ಯಗಳ ತೂಕವೆಷ್ಟು, ಅವುಗಳಲ್ಲಿ ಚಿನ್ನ ಬೆಳ್ಳಿ ಎಷ್ಟೆಷ್ಟು ಎಂಬ ಲೆಕ್ಕ ಅದರಲ್ಲಿದೆ. ಸುಲ್ತಾನರ ಹೆಸರಿನ ನಾಣ್ಯ, ಅದನ್ನು ತೂಗಿ ಸಾಕ್ಷಿ ಹೇಳಿದವನು ಜೈನ. ಚರಿತ್ರೆಯನ್ನು ಎರಡು ಧರ್ಮಗಳ ಜಗಳವೆಂದಷ್ಟೇ ಓದುವವರು ಟಂಕಸಾಲೆಯ ಒಳಗೆ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಹಾಲಿ ಮತ್ತು ಕಲ್ದಾರ್

ನಮ್ಮ ಭಾಗದ ಮನೆಗಳಲ್ಲಿ ಸಿಗುವ ಬೆಳ್ಳಿ ರೂಪಾಯಿಗಳಲ್ಲಿ ಹೆಚ್ಚಿನವು ಎರಡು ಬಗೆಯವು. ಒಂದು ನಿಜಾಮರ ಹಾಲಿ ಸಿಕ್ಕಾ. ಇನ್ನೊಂದು ರಾಣಿ ಅಥವಾ ರಾಜನ ತಲೆಯಿರುವ ಬ್ರಿಟಿಷ್ ರೂಪಾಯಿ. ಇದನ್ನು ಹೈದರಾಬಾದ್ ಸಂಸ್ಥಾನದಲ್ಲಿ ‘ಕಲ್ದಾರ್’ ಎನ್ನುತ್ತಿದ್ದರು. ‘ಕಲ್’ ಎಂದರೆ ಯಂತ್ರ. ಯಂತ್ರದಲ್ಲಿ ಮಾಡಿದ್ದು ಕಲ್ದಾರ್. ನಿಜಾಮರ ರೂಪಾಯಿಯನ್ನು ಸುತ್ತಿಗೆಯಿಂದ ಕೈಯಲ್ಲೇ ಹೊಡೆಯುತ್ತಿದ್ದ ಕಾಲದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಾಗಿತ್ತು. ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ಛಾವಣಿಯೂ ಇತ್ತು. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು. ಹೀಗಾಗಿ ಎರಡೂ ರೂಪಾಯಿಗಳ ಪರಿಚಯ ಇಲ್ಲಿಯ ಸಂತೆಗಳಿಗೆ ಇದ್ದೇ ಇತ್ತು. ಕರಾರುಪತ್ರಗಳಲ್ಲಿ ಮೊತ್ತದ ಜೊತೆಗೆ ಹಾಲಿಯೋ ಕಲ್ದಾರೋ ಎಂದು ಬರೆಯಬೇಕಾಗಿದ್ದುದು ಅದಕ್ಕೇ. ಇಂದಿಗೂ ನಿಕಾಹ್‌ನಲ್ಲಿ ಮಹರ್ ಮೊತ್ತವನ್ನು ಹೇಳುವಾಗ ‘ಸಿಕ್ಕಾ ರಾಯಿಜುಲ್ ವಕ್ತ್’, ಅಂದರೆ ‘ಈ ಕಾಲದಲ್ಲಿ ಚಲಾವಣೆಯಲ್ಲಿರುವ ನಾಣ್ಯ’ ಎಂದು ಸೇರಿಸುತ್ತಾರಲ್ಲ, ಒಂದಕ್ಕಿಂತ ಹೆಚ್ಚು ನಾಣ್ಯ ಓಡಾಡುತ್ತಿದ್ದ ಕಾಲದಲ್ಲಿ ಹೆಣ್ಣಿನ ಹಕ್ಕಿಗೆ ಮೋಸವಾಗದಂತೆ ಕಾದ ಮಾತು ಅದು.

ಹಾಲಿ ಮತ್ತು ಕಲ್ದಾರ್ ನಡುವಿನ ವಿನಿಮಯಕ್ಕೆ ನಿಗದಿಯಾದ ದರವೊಂದಿತ್ತು. 100 ಕಲ್ದಾರ್‌ಗೆ 116 ಹಾಲಿ ರೂಪಾಯಿ 10 ಆಣೆ 8 ಪೈ. ಸರಳವಾಗಿ ಹೇಳಿದರೆ 6 ಕಲ್ದಾರ್‌ಗೆ 7 ಹಾಲಿ. ಈ ಲೆಕ್ಕ ಎಲ್ಲಿಂದ ಬಂತೆಂದು ಬೆಳ್ಳಿಯೇ ಹೇಳುತ್ತದೆ. ಕಲ್ದಾರ್ ರೂಪಾಯಿಯ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲೆ. ಅದರ 12 ಭಾಗಗಳಲ್ಲಿ 11 ಭಾಗ ಬೆಳ್ಳಿ. ಅಂದರೆ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಚಾರ್‌ಮಿನಾರ್ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 81.8. ಶುದ್ಧ ಬೆಳ್ಳಿ ಸುಮಾರು 9.14 ಗ್ರಾಂ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡಿ, 1.17ರ ಹತ್ತಿರ ಬರುತ್ತದೆ. ಅದೇ 7ಕ್ಕೆ 6ರ ಲೆಕ್ಕ.

ಹಾಲಿ ರೂಪಾಯಿಯನ್ನು ಒರೆಗೆ ಹಚ್ಚಿದಾಗ ಗೆರೆ ಕಲ್ದಾರ್‌ನಷ್ಟು ಬೆಳ್ಳಗೆ ಬರುವುದಿಲ್ಲ, ತುಸು ಕೆಂಪು ಛಾಯೆ ಇರುತ್ತದೆ. ‘ಇದರಲ್ಲಿ ತಾಮ್ರವಿದೆ, ಖೋಟಾ’ ಎಂದು ಹೇಳಿ ಬೆಲೆ ಇಳಿಸುವವರಿಗೆ ಇದೊಂದು ನೆಪ. ತಾಮ್ರ ಇರುವುದು ನಿಜ, ಖೋಟಾ ಎನ್ನುವುದು ಸುಳ್ಳು. ಟಂಕಸಾಲೆಯೇ ಗೊತ್ತುಮಾಡಿದ ಬೆರಕೆ ಅದು. ಎರಡನೆಯ ಮಹಾಯುದ್ಧದ ಬೆಳ್ಳಿಯ ಅಭಾವದಲ್ಲಿ ಬ್ರಿಟಿಷ್ ಭಾರತ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, ಹೈದರಾಬಾದೂ ಸ್ವಲ್ಪದರಲ್ಲೇ ಅದೇ ದಾರಿ ಹಿಡಿಯಿತು. ಆದ್ದರಿಂದ ವರ್ಷವನ್ನು ಓದದೆ ಬೆಳ್ಳಿಯ ಅಂಶದ ಬಗ್ಗೆ ತೀರ್ಪು ಕೊಡುವಂತಿಲ್ಲ. ಝಕಾತ್ ಲೆಕ್ಕ ಹಾಕುವವರಿಗೂ ಇದು ಬೇಕಾದ ಮಾತು. ಬೆಳ್ಳಿಯ ನಿಸಾಬ್ ಐವತ್ತೆರಡೂವರೆ ತೊಲೆ, ಅಂದರೆ ಸುಮಾರು 612 ಗ್ರಾಂ. ಬೆರಕೆಗಿಂತ ಬೆಳ್ಳಿಯೇ ಹೆಚ್ಚಿರುವ ನಾಣ್ಯವನ್ನು ಬೆಳ್ಳಿಯೆಂದೇ ಎಣಿಸಬೇಕೆಂಬುದು ಹನಫಿ ಫಿಕ್ಹ್‌ನ ನಿಲುವು.

ತೂಕದ ಸಾಕ್ಷಿ, ಅಚ್ಚಿನ ಸಾಕ್ಷಿ

ನಾಣ್ಯಪರೀಕ್ಷೆಯಲ್ಲಿ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು. ಮೊದಲ ಸಾಕ್ಷಿ ತೂಕ. ಪತ್ತಾರರ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಬಹಳ ಓಡಾಡಿ ಸವೆದ ಹಾಲಿ ರೂಪಾಯಿ 11 ಗ್ರಾಂಗಿಂತ ಸ್ವಲ್ಪ ಕೆಳಗೆ ತೂಗಿದರೆ ಆಶ್ಚರ್ಯವಿಲ್ಲ. ಅಕ್ಷರಗಳೆಲ್ಲ ಹೊಸತರಂತೆ ಎದ್ದು ಕಾಣುತ್ತಿದ್ದು ತೂಕ ಮಾತ್ರ 9 ಗ್ರಾಂ ಬಂದರೆ ಅನುಮಾನಿಸಲೇಬೇಕು. ತೂಕ ಪೂರ್ಣವಿದ್ದರೂ ಪರೀಕ್ಷೆ ಮುಗಿಯದು, ಏಕೆಂದರೆ ಬಿಲ್ಲೆಯನ್ನು ದಪ್ಪ ಮಾಡಿ ತೂಕ ಸರಿಗಟ್ಟಿಸಬಹುದು.

ಆಗ ನೆರವಿಗೆ ಬರುವುದು ನೀರು. ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಅದು ತನ್ನ ಗಾತ್ರದಷ್ಟು ನೀರಿನ ಭಾರ ಕಳೆದುಕೊಳ್ಳುತ್ತದೆ. ಶೇ. 81.8ರ ಬೆಳ್ಳಿಯ ಚಾರ್‌ಮಿನಾರ್ ರೂಪಾಯಿ ಹೀಗೆ ಸುಮಾರು 1.1 ಗ್ರಾಂ ಕಳೆದುಕೊಳ್ಳಬೇಕು. ಅಷ್ಟೇ ತೂಕದ ಹಿತ್ತಾಳೆಯ ಬಿಲ್ಲೆಯಾದರೆ 1.3 ಗ್ರಾಂ ಆಸುಪಾಸು ಕಳೆದುಕೊಳ್ಳುತ್ತದೆ. ಗ್ರೀಸಿನ ಆರ್ಕಿಮಿಡಿಸ್ ಕಂಡ ಈ ತತ್ವವನ್ನು ಅಲ್‌ಬೆರೂನಿ ಲೋಹಗಳಿಗೂ ರತ್ನಗಳಿಗೂ ಅನ್ವಯಿಸಿ ಅಳೆದ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಮರ್ವ್ ಪಟ್ಟಣದ ಅಲ್‌ಖಾಝಿನಿ ‘ಮೀಝಾನುಲ್ ಹಿಕ್ಮ’ ಎಂಬ ಗ್ರಂಥದಲ್ಲಿ ಬೆರಕೆ ಲೋಹವನ್ನು ಹಿಡಿಯುವ ನೀರಿನ ತಕ್ಕಡಿಯನ್ನು ವಿವರಿಸಿದ. ಆ ಹೆಸರಿನ ಅರ್ಥ ‘ವಿವೇಕದ ತಕ್ಕಡಿ’. ಇಂದು ಆಭರಣದಂಗಡಿಗಳಲ್ಲಿರುವ ಎಕ್ಸ್‌ರೇ ಯಂತ್ರ ಅರೆಗಳಿಗೆಯಲ್ಲಿ ಲೋಹಗಳ ಪ್ರಮಾಣ ಹೇಳುತ್ತದೆ ನಿಜ, ಆದರೆ ಅದು ನೋಡುವುದು ಮೇಲ್ಪದರವನ್ನು. ಒಳಗೆ ತಾಮ್ರವಿಟ್ಟು ಮೇಲೆ ದಪ್ಪನೆಯ ಬೆಳ್ಳಿ ಹೊದಿಸಿದ್ದರೆ ಯಂತ್ರವೂ ಮೋಸಹೋದೀತು. ಅಂಥಲ್ಲಿ ನೀರಿನ ತಕ್ಕಡಿ ಹೆಚ್ಚು ನಂಬಿಕಸ್ಥ.

ಅಯಸ್ಕಾಂತದ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಅಂಟಿಕೊಂಡರೆ ಅದು ಬೆಳ್ಳಿಯ ರೂಪಾಯಿ ಅಲ್ಲ, ಇದು ಖಚಿತ. ಅಂಟದಿದ್ದರೆ ಬೆಳ್ಳಿಯೇ ಎಂದಲ್ಲ. ತಾಮ್ರ, ಹಿತ್ತಾಳೆ, ಸೀಸಗಳೂ ಅಂಟುವುದಿಲ್ಲ. ನಾದವೂ ಅಷ್ಟೆ. ಒಳ್ಳೆಯ ಬೆಳ್ಳಿ ದೀರ್ಘವಾಗಿ ಗುಂಯ್‌ಗುಡುತ್ತದೆ. ಆದರೆ ಕೊಂಡಿ ಬೆಸೆದ, ಒಳಗೆ ಸಣ್ಣ ಬಿರುಕಿರುವ ಖರೇ ರೂಪಾಯಿಯೂ ಮಂಕು ಸದ್ದು ಮಾಡಬಹುದು.

ಇನ್ನು ಅಚ್ಚು. ಟಂಕಸಾಲೆಯಲ್ಲಿ ನಾಣ್ಯವನ್ನು ಒತ್ತಿ ಮುದ್ರಿಸುತ್ತಾರೆ. ಮನೆಯಲ್ಲಿ ಮೋಸಕ್ಕೆ ಮಾಡುವವರಲ್ಲಿ ಹೆಚ್ಚಿನವರು ಎರಕ ಹೊಯ್ಯುತ್ತಾರೆ. ಎರಕದ ನಾಣ್ಯದ ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿರುತ್ತವೆ, ಅಕ್ಷರದ ಅಂಚುಗಳು ಸಾಬೂನಿನ ಮೇಲೆ ಕೊರೆದಂತೆ ಮೊಂಡಾಗಿರುತ್ತವೆ, ಪಕ್ಕದಂಚಿನಲ್ಲಿ ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿದ ಗುರುತು ಕಾಣುತ್ತದೆ. ಯಂತ್ರದ ರೂಪಾಯಿಯ ಪಕ್ಕದಂಚಿನ ಗೀರುಗಳು ಒಂದೇ ಅಳತೆಯವು. ಸಾಧಾರಣ ಕನ್ನಡಿಯೊಂದು, ಅಂದರೆ ಓದುವವರ ಭೂತಗನ್ನಡಿ, ಇದನ್ನೆಲ್ಲ ತೋರಿಸಬಲ್ಲದು.

ಕೈಯಲ್ಲಿ ಹೊಡೆದ ಹಳೆಯ ರೂಪಾಯಿಗೆ ಮಾತ್ರ ಈ ನಿಯಮವನ್ನು ತಿರುಗಿಸಿ ಹಿಡಿಯಬೇಕು. ಅಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಬರಹದ ಒಂದು ಭಾಗ ಮಾತ್ರ ಬೀಳುತ್ತಿತ್ತು, ಉಳಿದದ್ದು ಅಂಚಿನಾಚೆಗೆ ಹೋಗುತ್ತಿತ್ತು. ಅದು ಸೊಟ್ಟಗಿದೆ, ಅರ್ಧ ಅಕ್ಷರವಿದೆ ಎಂದು ಅನುಮಾನಿಸಬೇಕಾಗಿಲ್ಲ. ಮೊಘಲ್ ಕಾಲದ್ದೆಂದು ಹೇಳುವ ರೂಪಾಯಿ ಚಕ್ರದಂತೆ ದುಂಡಗಿದ್ದು ಪೂರ್ತಿ ಬರಹ ನಟ್ಟನಡುವೆ ಕುಳಿತಿದ್ದರೆ ಎರಡು ಸಲ ನೋಡಬೇಕು. ಹೈದರಾಬಾದಿನಲ್ಲಿ ಯಂತ್ರದ ರೂಪಾಯಿ ಬಂದದ್ದು 1890ರ ದಶಕದಲ್ಲಿ. ಅದನ್ನು ‘ಚರ್ಖಿ’ ಎಂದರು. ಚಾರ್‌ಮಿನಾರ್ ಚಿತ್ರ ಬಂದದ್ದು ಅದರ ನಂತರ, 1903-04ರ ಹೊತ್ತಿಗೆ.

ಅಕ್ಷರದ ಸಾಕ್ಷಿ

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಅಕ್ಷರದ್ದು. ಮೋಸಗಾರ ಸಾಮಾನ್ಯವಾಗಿ ಅಕ್ಷರವನ್ನು ಓದುವುದಿಲ್ಲ, ಅದರ ಚಿತ್ರ ಬರೆಯುತ್ತಾನೆ. ಹೀಗಾಗಿ ನುಕ್ತೆಗಳು ಜಾಗ ತಪ್ಪುತ್ತವೆ, ಕೂಡಬೇಕಾದ ಅಕ್ಷರಗಳು ಬಿಡಿಯಾಗುತ್ತವೆ, ಅಂಕಿ ತಲೆಕೆಳಗಾಗುತ್ತದೆ.

ಚಾರ್‌ಮಿನಾರ್ ರೂಪಾಯಿಯನ್ನು ಕೈಗೆತ್ತಿಕೊಳ್ಳೋಣ. ಒಂದು ಮುಖದಲ್ಲಿ ಕಟ್ಟಡದ ಚಿತ್ರ, ಸುತ್ತಲೂ ನಿಜಾಮುಲ್ ಮುಲ್ಕ್ ಆಸಫ್ ಜಾಹ್ ಬಹಾದ್ದೂರ್ ಎಂಬ ಬಿರುದು, ಹಿಜ್ರಿ ವರ್ಷ. ಕಟ್ಟಡದ ಕಮಾನಿನೊಳಗೆ ಒಂದೇ ಒಂದು ಅಕ್ಷರವಿರುತ್ತದೆ. ಅದು ‘ಮೀಮ್’ ಆಗಿದ್ದರೆ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಆಗಿದ್ದರೆ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ್ದು. ಉಸ್ಮಾನ್ ಅಲಿಯವರ ಆರಂಭದ ಅಚ್ಚುಗಳಲ್ಲಿ ಐನ್ ಅರ್ಧ ರೂಪದಲ್ಲಿದ್ದು ಆಮೇಲೆ ಪೂರ್ಣ ರೂಪಕ್ಕೆ ಬಂತು. ಮಹಬೂಬ್ ಅಲಿ ಖಾನರು ತೀರಿಕೊಂಡದ್ದು 1911ರ ಆಗಸ್ಟ್‌ನಲ್ಲಿ, ಹಿಜ್ರಿ 1329ರ ರಮಝಾನ್ ತಿಂಗಳಲ್ಲಿ. ಹಾಗಾದರೆ ಕಮಾನಿನಲ್ಲಿ ಐನ್ ಇದ್ದು ವರ್ಷ 1325 ಎಂದಿರುವ ರೂಪಾಯಿ ತನ್ನ ಬಾಯಿಂದಲೇ ತನ್ನ ಸುಳ್ಳನ್ನು ಹೇಳಿದಂತೆ.

ಇನ್ನೊಂದು ಮುಖದಲ್ಲಿ ‘ಒಂದು ರೂಪಾಯಿ’ ಎಂಬ ಬರಹದ ಸುತ್ತ ಪಟ್ಟವೇರಿದ ಎಷ್ಟನೆಯ ವರ್ಷ ಎಂಬ ಸಂಖ್ಯೆ, ‘ಫರ್ಖುಂದಾ ಬುನ್ಯಾದ್ ಹೈದರಾಬಾದ್’ ಎಂಬ ಟಂಕಸಾಲೆಯ ಹೆಸರು ಇರುತ್ತವೆ. ಫರ್ಖುಂದಾ ಬುನ್ಯಾದ್ ಎಂದರೆ ಶುಭವಾದ ಅಡಿಪಾಯವುಳ್ಳ ಊರು. ಈ ಎರಡು ಮುಖಗಳ ಲೆಕ್ಕ ಪರಸ್ಪರ ಕೂಡಬೇಕು. ಒಂದು ಕಡೆ ಹಿಜ್ರಿ 1337 ಇದ್ದರೆ ಇನ್ನೊಂದು ಕಡೆ ಉಸ್ಮಾನ್ ಅಲಿಯವರ ಆಳ್ವಿಕೆಯ 8 ಅಥವಾ 9ನೆಯ ವರ್ಷ ಇರಬೇಕು. ಹಿಜ್ರಿಯನ್ನು ಇಸವಿಗೆ ತಿರುಗಿಸುವುದೂ ಸುಲಭ. ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ ಹತ್ತಿರದ ಇಸವಿ ಸಿಗುತ್ತದೆ. 1337ರಲ್ಲಿ 40 ಕಳೆದರೆ 1297, ಅದಕ್ಕೆ 622 ಕೂಡಿಸಿದರೆ 1919. ಹಿಜ್ರಿ 1337 ಶುರುವಾದದ್ದು 1918ರ ಅಕ್ಟೋಬರಿನಲ್ಲಿ.

ವರ್ಷ ಗೊತ್ತಾದೊಡನೆ ನಾಣ್ಯದ ಹಿಂದೆ ಜಗತ್ತು ತೆರೆದುಕೊಳ್ಳುತ್ತದೆ. ಮೊದಲ ಮಹಾಯುದ್ಧದಿಂದಾಗಿ ಬೆಳ್ಳಿ ಸಿಗದೆ ಭಾರತದ ಖಜಾನೆಗಳು ಬರಿದಾಗುತ್ತಿದ್ದ ಕಾಲ ಅದು. 1918ರಲ್ಲಿ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕಾಗಿ ಮಾರಲು ಒಪ್ಪಿತು. ಅದೇ ವರ್ಷ ಹೈದರಾಬಾದ್ ಸಂಸ್ಥಾನ ಕಾಗದದ ನೋಟಿಗೆ ಕಾಯ್ದೆ ಮಾಡಿತು. ಮಸ್ಕಿಯ ರೈತನ ಟ್ರಂಕಿನೊಳಗಿನ ರೂಪಾಯಿಗೂ ಯುರೋಪಿನ ಯುದ್ಧಕ್ಕೂ ಇರುವ ನಂಟನ್ನು ಎರಡು ಅಂಕಿಗಳು ಕಟ್ಟಿಕೊಡುತ್ತವೆ.

1857ರ ನಂತರದ ನಿಜಾಮರ ನಾಣ್ಯಗಳ ಮೇಲೆ 92 ಎಂಬ ಅಂಕಿ ಕಾಣುತ್ತದೆ. ಇದನ್ನು ವರ್ಷವೆಂದೋ ಬೆಲೆಯೆಂದೋ ತಿಳಿದವರಿದ್ದಾರೆ. ಅದು ಅಬ್ಜದ್ ಲೆಕ್ಕ. ಮೀಮ್ 40, ಹೇ 8, ಮತ್ತೆ ಮೀಮ್ 40, ದಾಲ್ 4. ಒಟ್ಟು 92, ಮುಹಮ್ಮದ್ ಎಂಬ ಹೆಸರಿನ ಮೊತ್ತ. ಅಲ್ಲಿಯವರೆಗೆ ನಿಜಾಮರು ತಮ್ಮ ನಾಣ್ಯದ ಮೇಲೆ ದಿಲ್ಲಿಯ ಮೊಘಲ್ ಬಾದಶಹರ ಹೆಸರನ್ನೇ ಹಾಕುತ್ತಿದ್ದರು. ಬಹಾದ್ದೂರ್ ಷಾ ಝಫರರ ಸಿಂಹಾಸನ ಉರುಳಿದ ಮೇಲೆ ಯಾರ ಹೆಸರು ಹಾಕಬೇಕೆಂಬ ಪ್ರಶ್ನೆ ಎದ್ದಾಗ ಬಂದ ಬದಲಾವಣೆ ಇದು. ಒಂದು ಸಾಮ್ರಾಜ್ಯ ಮುಗಿದ ಸುದ್ದಿ ಹೀಗೆ ಬೆಳ್ಳಿಯ ಮೇಲೆ ಉಳಿದಿದೆ.

ಶ್ರದ್ಧೆಯ ಹೆಸರಿನ ಮೋಸ

ಖೋಟಾ ನಾಣ್ಯದ ವ್ಯಾಪಾರಿ ಯಾವ ಧರ್ಮದಲ್ಲೂ ಭೇದ ಮಾಡುವುದಿಲ್ಲ. ಹಿಂದೂಗಳಿಗೆ ರಾಮದರ್ಬಾರ್, ಹನುಮಂತ, ಲಕ್ಷ್ಮಿಯ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ; ಮುಸ್ಲಿಮರಿಗೆ ಮಕ್ಕಾ ಮದೀನಾ ಚಿತ್ರದ, 786 ಬರೆದ ಬಿಲ್ಲೆ. ಕಂಪನಿಯ ನಾಣ್ಯಗಳೆಂದು ಮಾರುವ, 1616, 1717, 1818 ಎಂಬ ಇಸವಿಗಳಿರುವ ದೇವರ ಚಿತ್ರದ ಬಿಲ್ಲೆಗಳನ್ನು ಕಂಪನಿ ಯಾವತ್ತೂ ಹೊರಡಿಸಲಿಲ್ಲ. ದೇಶಕ್ಕೆಲ್ಲ ಒಂದೇ ಬಗೆಯ ಕಂಪನಿ ರೂಪಾಯಿ ಬಂದದ್ದು 1835ರಲ್ಲಿ, ಅದರ ಮೇಲಿದ್ದದ್ದು ದೊರೆ ನಾಲ್ಕನೆಯ ವಿಲಿಯಂನ ತಲೆ. ಕಲಿಮಾ ಇರುವ ಔರಂಗಜೇಬನ ರೂಪಾಯಿ ಎಂದು ಯಾರಾದರೂ ತಂದರೆ ಅದೂ ಹಾಗೆಯೇ. ಪವಿತ್ರ ವಾಕ್ಯ ಎಲ್ಲೆಂದರಲ್ಲಿ ಬಿದ್ದು ಅಪವಿತ್ರವಾಗಬಾರದೆಂದು ನಾಣ್ಯದಿಂದ ಕಲಿಮಾ ತೆಗೆಸಿದವನೇ ಔರಂಗಜೇಬ. ಅವನ ತಂದೆ ಷಹಜಹಾನನ ರೂಪಾಯಿಯಲ್ಲಿ ಕಲಿಮಾ ಇದೆ.

ಅಕ್ಕಿಕಾಳನ್ನು ಸೆಳೆಯುವ ‘ರೈಸ್ ಪುಲ್ಲಿಂಗ್’ ನಾಣ್ಯದ ಹೆಸರಿನಲ್ಲಿ ಜನರನ್ನು ದೋಚಿದ ತಂಡಗಳನ್ನು ಕರ್ನಾಟಕದ ಪೊಲೀಸರು ಹಲವು ಬಾರಿ ಬಂಧಿಸಿದ್ದಾರೆ. ಬೆಳ್ಳಿಗಾಗಲಿ ತಾಮ್ರಕ್ಕಾಗಲಿ ಅಂಥ ಶಕ್ತಿಯಿಲ್ಲ. ಮನೆಯ ಅಡಿಪಾಯ ಅಗೆಯುವಾಗ ಗಡಿಗೆ ಸಿಕ್ಕಿತೆಂದು ಒಂದೆರಡು ಖರೇ ನಾಣ್ಯ ತೋರಿಸಿ ಚೀಲದ ತುಂಬ ಹಿತ್ತಾಳೆ ಮಾರುವುದು ಇನ್ನೊಂದು ದಾರಿ. ನಿಜವಾಗಿ ನೆಲದಲ್ಲಿ ನಿಧಿ ಸಿಕ್ಕರೆ ಅದನ್ನು ಗುಟ್ಟಾಗಿ ಹಂಚಿಕೊಳ್ಳುವುದು ಅಪರಾಧ. 1962ರ ಕರ್ನಾಟಕದ ನಿಧಿ ಕಾಯ್ದೆಯ ಪ್ರಕಾರ ಆಡಳಿತಕ್ಕೆ ತಿಳಿಸಬೇಕು. ಕಾನೂನಿನ ಭಯಕ್ಕಿಂತ ಹೆಚ್ಚಿನ ಕಾರಣವೂ ಇದೆ. ಗಡಿಗೆಯಲ್ಲಿ ಯಾವ ನಾಣ್ಯದ ಜೊತೆ ಯಾವುದಿತ್ತು, ಎಷ್ಟು ಆಳದಲ್ಲಿತ್ತು ಎಂಬುದೇ ಚರಿತ್ರೆಕಾರನಿಗೆ ಬೇಕಾದ ಮಾಹಿತಿ. ನಾಣ್ಯಗಳು ನಾಲ್ಕು ಮನೆಗಳಿಗೆ ಹಂಚಿಹೋದ ಗಳಿಗೆಯಲ್ಲಿ ಆ ಮಾಹಿತಿ ಸತ್ತುಹೋಗುತ್ತದೆ.

ಸವೆತವೂ ಒಂದು ಬರಹ

ನಾಣ್ಯ ಖರೇ ಎಂದಾದ ಮೇಲೆ ಅದರ ಸ್ಥಿತಿಯ ಪ್ರಶ್ನೆ. ಸಂಗ್ರಾಹಕರು ಸವೆತವನ್ನು ನೋಡಿ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಎಂದು ದರ್ಜೆ ಕೊಡುತ್ತಾರೆ. ಮೊದಲು ಸವೆಯುವುದು ಚಿತ್ರದ ಎತ್ತರದ ಭಾಗಗಳು. ಖರೇ ಸವೆತ ಎರಡೂ ಮುಖಗಳ ಮೇಲೆ, ಪಕ್ಕದಂಚಿನ ಮೇಲೆ ಹದವಾಗಿ ಹರಡಿರುತ್ತದೆ. ಹಳೆಯದೆಂದು ತೋರಿಸಲು ಅರದಿಂದಲೋ ಮರಳಿನಿಂದಲೋ ಉಜ್ಜಿದ್ದರೆ ಗೀರುಗಳು ಒಂದೇ ದಿಕ್ಕಿಗೆ ಹೋಗಿರುತ್ತವೆ, ತಗ್ಗಿನ ಜಾಗಗಳೂ ಸವೆದಿರುತ್ತವೆ. ಜೇಬು ತಗ್ಗನ್ನು ಸವೆಸುವುದಿಲ್ಲ.

ಸಣ್ಣ ವಿವರ ಉಳಿದಿದೆಯೋ ಇಲ್ಲವೋ ಎನ್ನುವುದು ಎಷ್ಟು ದೊಡ್ಡ ವಿಷಯವಾಗಬಲ್ಲದು ಎಂಬುದಕ್ಕೆ 1911ರ ಕಲ್ದಾರ್ ಉದಾಹರಣೆ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಪದಕದಲ್ಲಿದ್ದ ಆನೆಯ ಸೊಂಡಿಲು ತೀರ ಗಿಡ್ಡವಾಗಿ, ನೋಡುವವರಿಗೆ ಹಂದಿಯಂತೆ ಕಂಡು ಮುಸ್ಲಿಮರಲ್ಲಿ ಅಸಮಾಧಾನ ಹುಟ್ಟಿತು. ಸರ್ಕಾರ ಆ ರೂಪಾಯಿಗಳನ್ನು ಹಿಂತೆಗೆದುಕೊಂಡು 1912ರಿಂದ ಸೊಂಡಿಲನ್ನು ಸರಿಪಡಿಸಿ ಹೊರಡಿಸಿತು. ಸಾಸಿವೆಯಷ್ಟು ಜಾಗದ ಕೆತ್ತನೆ ಒಂದು ಸಾಮ್ರಾಜ್ಯವನ್ನು ಹಿಂದೆ ಸರಿಯುವಂತೆ ಮಾಡಿತು.

ಹೀಗಿರುವಾಗ ನಾವು ಮನೆಗಳಲ್ಲಿ ಮಾಡುವುದೇನು? ಹಬ್ಬ ಬಂತೆಂದು ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ರೂಪಾಯಿಯನ್ನು ಫಳಫಳ ಹೊಳೆಯುವಂತೆ ತಿಕ್ಕುತ್ತೇವೆ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದೊಂದಿಗೆ ಬೆಳ್ಳಿ ಕೂಡಿ ನಿಧಾನವಾಗಿ ಕಟ್ಟಿದ ಪದರ ಅದು. ಖರೇತನಕ್ಕೆ ಅದೂ ಒಂದು ಸಾಕ್ಷಿ. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ, ಸಂಗ್ರಾಹಕರ ಲೆಕ್ಕದಲ್ಲಿ ಬೆಲೆಯೂ ಇಳಿಯುತ್ತದೆ. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಸಾಕು.

ಹಳೆಯ ರೂಪಾಯಿಗಳ ಮೇಲೆ ಸರಾಫರು ಒತ್ತಿದ ಸಣ್ಣ ಮುದ್ರೆಗಳು, ಉಳಿಯಿಂದ ಕಚ್ಚಿದ ಗುರುತುಗಳು ಇರುತ್ತವೆ. ಲಂಬಾಣಿ ಸರದ ರೂಪಾಯಿಗೆ ಕೊಂಡಿ ಬೆಸೆದಿರುತ್ತದೆ, ಇಲ್ಲವೇ ತೂತು ಇರುತ್ತದೆ. ಮಾರುಕಟ್ಟೆ ಇವುಗಳನ್ನು ಊನವೆಂದು ಎಣಿಸಿ ಬೆಲೆ ತಗ್ಗಿಸುತ್ತದೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಸರಾಫನ ಗುರುತು ಎಂದರೆ ಈ ರೂಪಾಯಿಯನ್ನು ಒಬ್ಬ ಪರೀಕ್ಷಿಸಿ ಖರೇ ಎಂದು ಹೇಳಿದ್ದಾನೆ ಎಂಬುದಕ್ಕೆ ರುಜು. ಕೊಂಡಿ ಎಂದರೆ ಒಬ್ಬ ಹೆಣ್ಣುಮಗಳು ಬರಗಾಲಕ್ಕೆಂದು ಕೊರಳಲ್ಲೇ ಕಟ್ಟಿಕೊಂಡ ಬ್ಯಾಂಕು. ಟಂಕಸಾಲೆ ಬರೆದದ್ದು ಅರಸರ ಹೆಸರನ್ನು ಮಾತ್ರ. ನಾಣ್ಯವನ್ನು ದುಡಿದವರು, ಉಳಿಸಿದವರು ತಮ್ಮ ಹೆಸರು ಬರೆಯಲು ಜಾಗವಿರಲಿಲ್ಲ. ಅವರು ಉಳಿಸಿಹೋದದ್ದು ಈ ಸವೆತ, ಈ ತೂತು, ಈ ಕೊಂಡಿ.

ಮಸ್ಕಿಯ ಬಂಡೆ ಕಲಿಸಿದ್ದು

ಸಾಕ್ಷ್ಯವನ್ನು ಓದುವ ಪಾಠಕ್ಕೆ ನಾವು ದೂರ ಹೋಗಬೇಕಿಲ್ಲ. 1837ರಲ್ಲಿ ಬ್ರಾಹ್ಮಿ ಲಿಪಿಯ ಗುಟ್ಟನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಕಲ್ಕತ್ತೆಯ ಟಂಕಸಾಲೆಯಲ್ಲಿ ಬೆಳ್ಳಿ ಚಿನ್ನಗಳ ಶುದ್ಧತೆಯನ್ನು ಪರೀಕ್ಷಿಸುವುದು. ಹಳೆಯ ನಾಣ್ಯಗಳ ಬರಹವನ್ನು ಓದುವ ಹಟವೂ ಅವನನ್ನು ಶಾಸನಗಳತ್ತ ಒಯ್ದಿತು. ಅವನು ಓದಿದ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಿದ್ದವು, ಅರಸನ ಸ್ವಂತ ಹೆಸರಿರಲಿಲ್ಲ. ಸಿಂಹಳದ ಬೌದ್ಧ ಗ್ರಂಥಗಳ ಆಧಾರದ ಮೇಲೆ ಅದು ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದರು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಕಂಡ. ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ಅದನ್ನು ಪ್ರಕಟಿಸಿದ್ದು ನಿಜಾಮ ಸರ್ಕಾರದ ಪುರಾತತ್ವ ಗ್ರಂಥಮಾಲೆ, ಅದರ ಮೊದಲ ಸಂಚಿಕೆಯಾಗಿ. ಸುಮಾರು 80 ವರ್ಷಗಳ ಊಹೆಗೆ ನಮ್ಮೂರ ಬಂಡೆ ಸಾಕ್ಷಿ ನುಡಿಯಿತು. ಯಾರಾದರೂ ಆ ಅಕ್ಷರಗಳನ್ನು ಅಂದಗೆಡಿಸುವ ಗೀರೆಂದು ಉಜ್ಜಿ ಅಳಿಸಿದ್ದರೆ?

ಮೂಸೆಯಲ್ಲಿ ಕರಗುವ ಪ್ರತಿಯೊಂದು ಹಾಲಿ ರೂಪಾಯಿಯ ಬಗೆಗೂ ಇದೇ ಪ್ರಶ್ನೆ ಕೇಳಬಹುದು. ಕಷ್ಟ ಬಂದಾಗ ಮಾರಬೇಡಿ ಎಂದು ಹೇಳುವ ಅಧಿಕಾರ ನಮಗಿಲ್ಲ. ಹಸಿದ ಮನೆಗೆ ನಾಣ್ಯಕ್ಕಿಂತ ಅನ್ನ ದೊಡ್ಡದು. ಮಾರುವ ಮುಂಚೆ ಮೂರು ಕೆಲಸ ಮಾಡಿ ಎಂದಷ್ಟೇ ಕೇಳುತ್ತೇವೆ. ಎರಡು ಅಂಗಡಿಗಳಲ್ಲಿ ತೂಗಿಸಿ. ಎರಡೂ ಮುಖಗಳ ಫೋಟೊ ತೆಗೆದು, ತೂಕ ಮತ್ತು ಅದು ಯಾರ ಮನೆಗೆ ಹೇಗೆ ಬಂತೆಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಉರ್ದು ಬಲ್ಲ ನೆರೆಯವರೊಬ್ಬರಿಂದ ಬರಹವನ್ನು ಓದಿಸಿ. ಉರ್ದು ಶಾಲೆಯಲ್ಲಿ ಕಲಿತ ಹುಡುಗ ಹುಡುಗಿಯರು ಸಿಂಧನೂರು, ಲಿಂಗಸುಗೂರುಗಳ ಗಲ್ಲಿಗಲ್ಲಿಯಲ್ಲಿ ಇದ್ದಾರೆ. ಆ ಭಾಷೆಯಿಂದ ಈ ಕಾಲದಲ್ಲಿ ಏನು ಪ್ರಯೋಜನ ಎಂದು ಕೇಳಿ ಕೇಳಿ ಸೋತವರು ಅವರು. ಪಕ್ಕದ ಮನೆಯ ಅಜ್ಜಿಯ ಸರದ ರೂಪಾಯಿ ಎಷ್ಟನೆಯ ಇಸವಿಯದು, ಅದರಲ್ಲಿ ಎಷ್ಟು ಬೆಳ್ಳಿಯಿದೆ ಎಂದು ಅವರೇ ಓದಿ ಹೇಳಲಿ. ಅಜ್ಜಿಗೆ ನ್ಯಾಯವಾದ ಬೆಲೆ ಸಿಗುತ್ತದೆ, ಊರಿಗೆ ತನ್ನ ಚರಿತ್ರೆಯ ಒಂದು ಸಾಲು ಸಿಗುತ್ತದೆ.